ಶೈಲಾಳಿಗೆ ಯಾಕೆ ಹತ್ತಲಿಲ್ಲ?

ಅಥಣಿ ಕಡೆ ದ್ರಾಕ್ಷಿ ಬೆಳೆಯುವವರ ಮನೆಗೆ ಹೋಗಿ ನೋಡಿ. ಮಾತು ಮಳೆಯಿಂದ ಶುರುವಾಗಲಿ, ಮದುವೆಯಿಂದ ಶುರುವಾಗಲಿ, ಚಹಾ ಮುಗಿಯುವುದರೊಳಗೆ ಬೇರಿನ ಸುದ್ದಿಗೆ ಬಂದೇ ಬರುತ್ತದೆ. ಇಲ್ಲಿ ಮೊದಲು ಡಾಗ್ರಿಜ್ ಎಂಬ ಕಾಡುಜಾತಿಯ ಬೇರು ನೆಡುತ್ತಾರೆ. ಅದು ಉಪ್ಪು ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ. ಗಟ್ಟಿಯಾದ ಮೇಲೆ ಅದಕ್ಕೆ ಒಳ್ಳೆಯ ಜಾತಿಯ ಕಡ್ಡಿ ತಂದು ಕಸಿ ಕಟ್ಟುತ್ತಾರೆ. ಬೇರು ಗಟ್ಟಿಯಿದ್ದರೆ ಬಳ್ಳಿಗೆ ಚಿಂತೆಯಿಲ್ಲ ಎನ್ನುವುದು ಅಂಥದೇ ಒಂದು ಮನೆಯ ಹಿರಿಯಳು ಅಕ್ಕವ್ವನ ನಂಬಿಕೆ. ಈ ನಂಬಿಕೆಯನ್ನು ಆಕೆ ತೋಟದಲ್ಲೇ ಬಿಟ್ಟು ಬಂದಿದ್ದರೆ ನಮಗೆ ಈ ಕಥೆ ಹೇಳುವ ಕೆಲಸವೇ ಇರಲಿಲ್ಲ.

ಅಕ್ಕವ್ವನ ಮಗ ಸಿದ್ದಲಿಂಗನಿಗೆ ಎಚ್‌ಐವಿ ಇದೆ. ಮದುವೆಯಾಗಿ ಕೆಲವು ತಿಂಗಳಿಗೆ ಜ್ವರ ಬಂದು ಮಲಗಿದಾಗ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಅಂದಿನಿಂದ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಕೊಡುವ ಗುಳಿಗೆಯನ್ನು ದಿನಾ ನುಂಗುತ್ತ ಬಂದ. ಮೈ ತುಂಬಿಕೊಂಡಿತು, ತೋಟದ ಕೆಲಸಕ್ಕೆ ನಿಂತ. ಹೆಂಡತಿ ಶೈಲಾಳ ರಕ್ತವನ್ನು ಪರೀಕ್ಷೆ ಮಾಡಿದಾಗಲೆಲ್ಲ ಆಕೆಗೆ ಸೋಂಕಿಲ್ಲ ಎಂದೇ ಬಂತು. ಮನೆಯವರಿಗೆ ಅದೇ ದೊಡ್ಡ ಸಮಾಧಾನ.

ಆದರೆ ಸಮಾಧಾನದಲ್ಲಿರುವ ಮನೆಯಲ್ಲಿ ಮೊಮ್ಮಗುವಿನ ಆಸೆ ಏಳದೆ ಇರುತ್ತದೆಯೇ?

"ಆ ಗುಳಿಗಿ ಭಾಳ ಉಷ್ಣ ಐತಿ. ಅದಕ್ಕ ಕೂಸು ನಿಲ್ಲವಲ್ದು" ಎಂದು ಅಕ್ಕವ್ವ ಒಂದು ದಿನ ತೀರ್ಮಾನ ಕೊಟ್ಟಳು. "ಶೈಲಾಗ ಇಷ್ಟ ದಿನ ಹತ್ತಿಲ್ಲ, ಇನ್ನೇನ್ ಹತ್ತತೈತಿ? ನನ್ನ ಸೊಸಿ ಡಾಗ್ರಿಜ್ ಬೇರು ಇದ್ದಂಗ."

ಸಿದ್ದಲಿಂಗ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದ. "ಹೌದ ಬೇ ಯವ್ವಾ, ಕೆಲವರಿಗೆ ಇದು ಹತ್ತೂದೇ ಇಲ್ಲಂತ. ಅವರ ರಕ್ತದಾಗ ಏನೋ ಒಂದು ಇರೂದಿಲ್ಲಂತ" ಎಂದ.

ಶೈಲಾಳಿಗೆ ಅನುಮಾನವಿತ್ತು. ಆದರೆ ಮಾತೆತ್ತಿದರೆ ತಪ್ಪು ಹುಡುಕುವ ಅತ್ತೆ ಹೀಗೆ ಬಾಯಿ ತುಂಬ ಹೊಗಳಿದರೆ ಯಾವ ಸೊಸೆ ಎದುರಾಡುತ್ತಾಳೆ? ಸಿದ್ದಲಿಂಗ ಗುಳಿಗೆ ಬಿಟ್ಟ. ಜೊತೆಗೆ ಕೂಡುವಾಗ ಇಷ್ಟು ದಿನ ಬಳಸುತ್ತಿದ್ದ ನಿರೋಧವನ್ನೂ ಬಿಟ್ಟ.

ಗುಳಿಗೆ ತರಲು ಅವನು ಬಾರದ್ದನ್ನು ಕಂಡು ಆಸ್ಪತ್ರೆಯ ಆಪ್ತಸಮಾಲೋಚಕಿ ಅನುಸೂಯಾ ಫೋನ್ ಮಾಡಿದರು. ಸಿದ್ದಲಿಂಗ ಎತ್ತಲಿಲ್ಲ. ಮತ್ತೆ ಮಾಡಿದಾಗ ಶೈಲಾ ಎತ್ತಿದಳು. "ಬಾಯಾರ, ನೀವ ಒಮ್ಮಿ ಮನಿಗೆ ಬರ್ರಿ. ನನಗ ಅಂಜಿಕಿ ಬರಾಕತ್ತೈತಿ" ಎಂದಳು.

ಅನುಸೂಯಾ ಬಂದಾಗ ಸಿದ್ದಲಿಂಗ ಅಂಗಳದಲ್ಲಿ ಬ್ಯಾರಲ್‌ಗೆ ಬಳ್ಳಿಗೆ ಹೊಡೆಯುವ ಔಷಧ ಕಲಸುತ್ತಿದ್ದ. ಮೂರು ದಿನ ಮೋಡ ಮುಸುಕಿತ್ತು, ಎಲೆಗೆ ಡೌನಿ ರೋಗ ಬೀಳುವ ಹವೆ. ಗುಳಿಗೆಯ ಸುದ್ದಿಯನ್ನು ಎಲ್ಲರೆದುರು ಮಾತಾಡಬಹುದೇ ಎಂದು ಅನುಸೂಯಾ ಮೊದಲು ಅವನನ್ನೇ ಬದಿಗೆ ಕರೆದು ಕೇಳಿದರು. ಅವನು ಹೂಂ ಎಂದ ಮೇಲೆಯೇ ಪಡಸಾಲೆಯಲ್ಲಿ ಕೂತರು.

"ಗುಳಿಗಿ ಯಾಕ ಬಿಟ್ರಿ?"

ಅಕ್ಕವ್ವ ಮಗನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಉಷ್ಣ, ಕೂಸು, ಡಾಗ್ರಿಜ್ ಬೇರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅನುಸೂಯಾ ನಗಲಿಲ್ಲ.

"ಅಕ್ಕವ್ವಾರ, ನೀವು ಕೇಳೂದು ಬರೋಬರಿ ಐತಿ. ಒಬ್ಬರಿಗೆ ಹತ್ತಿ ಇನ್ನೊಬ್ಬರಿಗೆ ಯಾಕ ಹತ್ತಲಿಲ್ಲ ಅಂತ ದೊಡ್ಡ ದೊಡ್ಡ ಡಾಕ್ಟರೂ ಕೇಳ್ಯಾರ. ಹೇಳ್ತೀನಿ ಕೇಳ್ರಿ. ಈ ವೈರಸ್ ತಾನಾಗೇ ಬೆಳಿಯಾಕ ಬರೂದಿಲ್ಲ. ನಮ್ಮ ರಕ್ತದಾಗ ಮೈಕಾಯೋ ಬಿಳಿ ಕಣ ಅದಾವು. ಅದರ ಒಳಗ ಹೊಕ್ಕರಷ್ಟ ಇದು ಬೆಳೀತೈತಿ."

"ಹೆಂಗ ಹೋಗತೈತ್ರಿ?" ಶೈಲಾ ಕೇಳಿದಳು.

"ಆ ಕಣದ ಹೊರಮೈ ಮ್ಯಾಲ ಸಣ್ಣ ಸಣ್ಣ ಪ್ರೋಟೀನ ಇರ್ತಾವು. ಒಂದಕ್ಕ ಸಿಡಿ-ಫೋರ್ ಅಂತಾರ. ವೈರಸ್ ಮೊದಲ ಅದನ್ನ ಹಿಡ್ಕೋತೈತಿ. ಅಷ್ಟಕ್ಕ ಬಾಗಲಾ ತೆಗಿಯೂದಿಲ್ಲ. ಬಾಜೂಕ ಇನ್ನೊಂದು ಐತಿ, ಸಿಸಿಆರ್-ಫೈವ್. ಕೊಂಡಿ ತಗದ ಮ್ಯಾಲ ಅಗಳಿನೂ ತೆಗಿತೀವಲ್ಲ, ಹಂಗ. ಅದೂ ಸಿಕ್ಕರ ಮಾತ್ರ ಒಳಗ."

"ಅದ ರೀ!" ಸಿದ್ದಲಿಂಗ ಎದ್ದು ಕೂತ. "ವಿಡಿಯೊದಾಗ ಅದನ್ನ ಹೇಳಿದ್ರು. ಆ ಎರಡನೇದು ಇಲ್ಲದವರಿಗೆ ಹತ್ತೂದಿಲ್ಲಂತ."

"ಖರೇ ಐತಿ. ಹುಟ್ಟಿದಾಗಿಂದ ಅದು ಇಲ್ಲದವರು ಅದಾರ. ಅಂಥವರು ಹೆಚ್ಚಾಗಿ ಯುರೋಪಿನ ಉತ್ತರಕ್ಕ ಸಿಗ್ತಾರ, ಅಲ್ಲೂ ನೂರಕ್ಕ ಒಬ್ಬರು. ನಮ್ಮ ದೇಶದಾಗ ಸಿಗೂದ ಅಪರೂಪ. ಮತ್ತ ಅಂಥವರಿಗೂ ಪೂರ್ತಿ ಗ್ಯಾರಂಟಿ ಇಲ್ಲ. ಕೆಲವು ವೈರಸ್ ಬ್ಯಾರೆ ಪ್ರೋಟೀನ ಹಿಡದು ಒಳಗ ಹೋಗ್ತಾವು."

ಅಕ್ಕವ್ವ ಸುಲಭಕ್ಕೆ ಸೋಲುವವಳಲ್ಲ. "ಆ ಅಪರೂಪದಾಕಿ ನನ್ನ ಸೊಸಿ ಯಾಕಾಗಬಾರ್ದು? ಆಕಿ ರಾಯಬಾಗದಾಕಿ. ಅವರ ಮಂದಿ ಎಂಥಾ ಗಟ್ಟಿ ನಿಮಗೇನ್ ಗೊತ್ತು?"

ಅನುಸೂಯಾ ಅಂಗಳದ ಬ್ಯಾರಲ್ ಕಡೆ ನೋಡಿದರು. "ಸಿದ್ದಲಿಂಗ, ನಿಮ್ಮ ತೋಟದ ಬೇರು ಯಾವುದು?"

"ಡಾಗ್ರಿಜ್ ರೀ."

"ಮತ್ತ ಆ ಔಷಧ ಯಾತಕ್ಕ?"

"ಡೌನಿಗೆ ರೀ. ಬೇರು ಉಪ್ಪ ತಡೀತೈತಿ, ಎಲಿ ರೋಗಕ್ಕ ಅದೇನ್ ಮಾಡತೈತಿ?"

"ಮೊನ್ನೆ ಎಲ್ಲಾರ ತೋಟಕ್ಕ ಡೌನಿ ಬಿದ್ರೂ ನಿಮ್ಮ ಎಲಿ ಹಸನಾಗಿ ಉಳದಾವಲ್ಲ?"

"ಔಷಧ ತಪ್ಪಿಸಿಲ್ರೀ ನಾ" ಎಂದವನು ಶೈಲಾಳ ಮುಖ ನೋಡಿದ. ಅವನಿಗೆ ಅರ್ಥವಾಗಿತ್ತು.

"ಶೈಲಾ ಉಳದದ್ದೂ ಹಂಗ" ಎಂದರು ಅನುಸೂಯಾ. "ಮದುವಿ ಆದ ಹೊಸದಾಗ ಹತ್ತಲಿಲ್ಲ, ಅದು ನಸೀಬ. ಕೂಡಿದಾಗೆಲ್ಲಾ ಹತ್ತೇ ಹತ್ತತೈತಿ ಅಂತಿಲ್ಲ. ಆಮ್ಯಾಲ ಆಕಿನ್ನ ಕಾಯ್ದದ್ದು ನಿಮ್ಮ ಗುಳಿಗಿ, ನಿರೋಧ. ಗುಳಿಗಿ ವೈರಸ್ ಬೆಳಿಯಾಕ ಬಿಡೂದಿಲ್ಲ. ರಕ್ತದಾಗ ಅದು ಪರೀಕ್ಷಾಕ್ಕೂ ಕಾಣದಷ್ಟು ಇಳದು, ಆರು ತಿಂಗಳು ಹಂಗ ಉಳದ್ರ, ಕೂಡೂದರಿಂದ ಹೆಂಡ್ತಿಗೆ ಹತ್ತೂದಿಲ್ಲ. ಗುಳಿಗಿ ಬಿಟ್ಟರ ಅದು ಮತ್ತ ಏಳತೈತಿ. ಆಕಿ ಕಣದ ಮ್ಯಾಲ ಆ ಎರಡೂ ಪ್ರೋಟೀನ ಕಾಯ್ಕೋತ ಕುಂತಾವು."

ಶೈಲಾ ಸೆರಗು ಹಿಡಿದುಕೊಂಡು ಮೆಲ್ಲಗೆ ಕೇಳಿದಳು: "ಮತ್ತ ನನಗ ಈಗ ಹೆಂಗ್ರಿ? ನಿನ್ನೆನೂ..."

ಮೊಮ್ಮಗುವಿನ ಆಸೆಗೆ ಸೊಸೆಯನ್ನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಅಕ್ಕವ್ವನಿಗೆ ಕಣ್ಣೀರು ಬಂತು. "ನನ್ನ ಬಾಯಾಗ ಮಣ್ಣ ಹಾಕ" ಎಂದು ಅತ್ತಳು.

"ಅಳೂದು ಆಮ್ಯಾಲ. ಈಗ ಏಳ್ರಿ" ಎಂದರು ಅನುಸೂಯಾ. "ಕೂಡಿದ ಮೂರು ದಿನದೊಳಗ ಶುರು ಮಾಡಿದ್ರ ಹತ್ತೂದನ್ನ ತಡಿಯೋ ಔಷಧ ಐತಿ. ಎಷ್ಟು ಲಗೂನ ತಗೋತೀರಿ ಅಷ್ಟು ಚಲೋ."

ಔಷಧ ಬ್ಯಾರಲ್‌ನಲ್ಲೇ ಉಳಿಯಿತು. ಮೂವರೂ ಅನುಸೂಯಾರ ಜೊತೆ ಆಸ್ಪತ್ರೆಗೆ ಹೋದರು. ವೈದ್ಯರು ಶೈಲಾಳ ರಕ್ತ ಪರೀಕ್ಷೆ ಮಾಡಿಸಿ, ಒಂದು ತಿಂಗಳು ನುಂಗಲು ತಡೆಗುಳಿಗೆ ಕೊಟ್ಟರು. ಸಿದ್ದಲಿಂಗ ಗುಳಿಗೆ ಬಿಟ್ಟ ಹಿಂದಿನ ದಿನಗಳಲ್ಲೇ ಸೋಂಕು ತಗುಲಿರಬಹುದು, ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು ಎಂದರು. ಸಿದ್ದಲಿಂಗನ ಗುಳಿಗೆ ಅಂದೇ ಮತ್ತೆ ಶುರುವಾಯಿತು. ಕೂಸಿನ ಬಗ್ಗೆ ಕೇಳಿದಾಗ ವೈದ್ಯರು ನಕ್ಕು, ಗುಳಿಗೆ ಕೂಸನ್ನು ತಡೆಯುವುದಿಲ್ಲ, ತಡೆಯುತ್ತಿದ್ದದ್ದು ನಿರೋಧ ಎಂದರು. ವೈರಸ್ ಇಳಿದು ನಿಂತ ಮೇಲೆ ತಾವೇ ದಾರಿ ಹೇಳುವುದಾಗಿಯೂ ಹೇಳಿದರು.

ಕಾಯುವ ದಿನಗಳು ಕಷ್ಟದವು. ಅಕ್ಕವ್ವ ಊಟ ಸರಿಯಾಗಿ ಮಾಡಲಿಲ್ಲ. ಕೊನೆಯ ಪರೀಕ್ಷೆಯಲ್ಲೂ ಶೈಲಾಳಿಗೆ ಸೋಂಕಿಲ್ಲ ಎಂದು ಬಂದಾಗ ಆಸ್ಪತ್ರೆಯ ಬಾಗಿಲಲ್ಲೇ ಸೊಸೆಯನ್ನು ತಬ್ಬಿಕೊಂಡಳು. ಶೈಲಾಳಿಗೆ ನಾಚಿಕೆಯೂ ಆಯಿತು, ಸುಖವೂ ಆಯಿತು.

ಮುಂದೆ ಸಿದ್ದಲಿಂಗನ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿಯಿತು, ಇಳಿದಲ್ಲೇ ಉಳಿಯಿತು. ವೈದ್ಯರು ಒಪ್ಪಿಗೆ ಕೊಟ್ಟರು. ಈಗ ಶೈಲಾಳಿಗೆ ಐದು ತಿಂಗಳು. ತಾಯಿಗೆ ಸೋಂಕಿಲ್ಲ, ಹೊಟ್ಟೆಯೊಳಗಿನ ಕೂಸಿಗೂ ಭಯವಿಲ್ಲ. ಅಕ್ಕವ್ವ ದಿನಾ ಊಟವಾದ ಮೇಲೆ ಮಗನ ಮುಂದೆ ನೀರಿನ ತಂಬಿಗೆ ಇಟ್ಟು ಅವನು ಗುಳಿಗೆ ನುಂಗುವ ತನಕ ಅಲ್ಲಿಂದ ಏಳುವುದಿಲ್ಲ. "ನಾ ಏನ್ ಸಣ್ಣ ಹುಡುಗ ಏನ್ ಬೇ?" ಎಂದು ಅವನು ಕೇಳಿದರೆ, "ನುಂಗಲೇ ಸುಮ್ನ, ಇದು ಮೂರು ಮಂದಿ ಗುಳಿಗಿ" ಎನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ರಕ್ತಕ್ಕೆ ಹತ್ತುವುದಿಲ್ಲ ಎಂದು ಯಾರೂ ಧೈರ್ಯದಿಂದ ಕೂರಬೇಡಿ. ಹೊರಗಿನಿಂದ ಮೈ ನೋಡಿದರೆ ಸೋಂಕು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ, ನಿಮ್ಮ ಗುಟ್ಟು ಅಲ್ಲೇ ಉಳಿಯುತ್ತದೆ. ಏನಾದರೂ ಕೇಳುವುದಿದ್ದರೆ 1097ಕ್ಕೆ ಪುಕ್ಕಟೆ ಫೋನ್ ಮಾಡಿ. ನಿಮ್ಮ ಮನೆಯಲ್ಲಿ ಈ ಗುಳಿಗೆ ನುಂಗುವವರಿದ್ದರೆ, ಇದು ನಿನಗೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಇವತ್ತಿನ ಗುಳಿಗೆ ತಗೊಂಡೆಯಾ ಎಂದು ಕೇಳಿ.