ಸಾದು ಅನ್ನಿಸಿಕೊಂಡವಳು

ಗೂಡಲೂರಿನ ದ್ರಾಕ್ಷಿ ತೋಟದ ಸೇಕರ್ ಮನೆಯಲ್ಲಿ 'ಸಾದು' ಅನ್ನುವ ಮಾತು ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತಿತ್ತು. ಹಾಲಿಗೆ ಬಂದವರು ಕೊಟ್ಟಿಗೆಯ ಬಾಗಿಲಲ್ಲಿ ಹಿಂಜರಿದರೆ, "ಹಸ ಸಾದು, ಒಳಗ್ ಬಾ" ಅನ್ನುತ್ತಿದ್ದರು. ಬಳ್ಳಿಯ ಬುಡದಲ್ಲಿ ಕೇರೆಹಾವು ಹರಿದರೆ, "ಅದು ಸಾದು, ಬಿಡು." ಬಸ್‌ಸ್ಟ್ಯಾಂಡಿನಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ಅಲೆಯುವ ಅಯ್ಯನಾರ್ ಸಾದು. ಬೆತ್ತ ಮುಟ್ಟದ ಲೆಕ್ಕದ ಮೇಷ್ಟ್ರೂ ಸಾದು, ಆದರೆ ಅದನ್ನು ಹೇಳುವಾಗ ಮನೆಯವರು ನಗುತ್ತಿದ್ದರು.

ಮನೆಗೆ ಹೊಸಬರು ಬಂದರೆ ಸೇಕರ್ ಅದೇ ಮಾತಿನಿಂದ ತನ್ನ ಅಕ್ಕ ಓಚ್ಚಮ್ಮಾಳ್‌ಳ ಪರಿಚಯ ಮುಗಿಸುತ್ತಿದ್ದ. "ನಮ್ಮಕ್ಕ. ಸಾದು. ಯಾರ ತಂಟೆಗೂ ಹೋಗಾಕಿಲ್ಲ."

ಮದುವೆಯಾದ ಎರಡನೇ ವರ್ಷವೇ ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆ ಸೇರಿದ್ದಳು. ಅದಕ್ಕೀಗ ಇಪ್ಪತ್ತೆರಡು ವರ್ಷ. ತಮ್ಮ, ಅವನ ಹೆಂಡತಿ ಅವಳ ಎದುರಿಗೇ ಜಗಳವಾಡುತ್ತಿದ್ದರು. ನೆರೆಯ ಹೆಂಗಸರು ಅವಳ ಪಕ್ಕದಲ್ಲೇ ಕೂತು ಗುಟ್ಟು ಹೇಳಿಕೊಳ್ಳುತ್ತಿದ್ದರು, ಅವಳಿಗಲ್ಲ, ಒಬ್ಬರಿಗೊಬ್ಬರು.

ತೊಂಬತ್ತೆಂಟರ ಪೊಂಗಲ್ ಮುಗಿದ ವಾರ ಸೇಕರನ ಮಗಳು ಅಭಿರಾಮಿಯನ್ನು ನೋಡಲು ಬತ್ತಲಗುಂಡಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ರಾಮ್‌ಕುಮಾರ್ ತಲೆ ಎತ್ತದೆ ಕೂತಿದ್ದ.

"ಮಾಪಿಳ್ಳೆ ಬಾಳ ಸಾದು," ಎಂದ ಮದುವೆ ದಲ್ಲಾಳಿ ಕಂದಸಾಮಿ, ಹುಡುಗನತ್ತ ಕೈ ತೋರಿಸಿ.

ಒಳಕೋಣೆಯಲ್ಲಿ ಅಭಿರಾಮಿ ಮೆಲ್ಲಗೆ ಕೇಳಿದಳು: "ಸಾದು ಅಂದ್ರೆ ಒಳ್ಳೇವ್ನೇ ಅಲ್ವಾ ಅತ್ತೆ?"

ಓಚ್ಚಮ್ಮಾಳ್ ಅವಳ ಜಡೆಯ ಮಲ್ಲಿಗೆ ಸರಿಮಾಡಿದಳು.

ಊಟವಾದ ಮೇಲೆ ಹಿತ್ತಲಲ್ಲಿ ಓಚ್ಚಮ್ಮಾಳ್ ಹುಡುಗನ ತಾಯಿ ಗೋವಿಂದಮ್ಮಾಳ್‌ಗೂ ಆಕೆಯ ತಂಗಿ ಅಮ್ಮಣಿಗೂ ಕೈಗೆ ನೀರು ಹೊಯ್ಯುತ್ತಿದ್ದಳು.

"ದಿಂಡುಕ್ಕಲ್ ಸಮಾಚಾರ ಇವ್ರಿಗೆ ಗೊತ್ತಿಲ್ಲ ತಾನೇ ಅಕ್ಕಾ?" ಎಂದಳು ಅಮ್ಮಣಿ.

"ಇಲ್ಲ. ಇವ್ನು ಅವ್ಳ ಕೈ ಮುರ್ದ ಮೇಲೆ ಆ ಹುಡುಗಿ ತಾಯಿಮನೆ ಸೇರಿ ಮೂರು ವರ್ಸ ಆತು. ಕೋರ್ಟ್‌ನಾಗೆ ಡೈವೋರ್ಸೂ ಆಗೈತೆ. ಈಗ್ಯಾಕೆ ಆ ಮಾತು?"

ಅಮ್ಮಣಿ ಕಣ್ಣಲ್ಲೇ ಓಚ್ಚಮ್ಮಾಳ್‌ಳ ಕಡೆ ಸನ್ನೆ ಮಾಡಿದಳು.

"ಅವ್ಳಾ? ಸಾದು. ತಮ್ಮನೇ ಹೇಳ್ಲಿಲ್ವಾ?"

ಓಚ್ಚಮ್ಮಾಳ್ ಚೊಂಬಿನ ನೀರು ಪೂರಾ ಹೊಯ್ದಳು. ಒರೆಸಿಕೊಳ್ಳಲು ಟವೆಲ್ ಕೊಟ್ಟಳು. ಆಮೇಲೆ ನಡುಮನೆಗೆ ಬಂದಳು. ತಾಂಬೂಲದ ತಟ್ಟೆ ಆಗಲೇ ಸೇಕರನ ಕೈಯಲ್ಲಿತ್ತು.

"ತಮ್ಮಾ, ತಟ್ಟೆ ಕೆಳಗಿಡು." ಆ ದನಿ ಅವಳಿಗೇ ಹೊಸದು. "ಇವ್ನಿಗೆ ದಿಂಡುಕ್ಕಲ್‌ನಾಗೆ ಒಂದು ಮದ್ವೆ ಆಗಿತ್ತು. ಅವ್ಳ ಕೈ ಮುರ್ದವ್ನೆ. ಇವ್ರೇ ಈಗ ಹಿತ್ತಲಾಗೆ ಆಡ್ಕೊಂಡ್ರು."

ರಾಮ್‌ಕುಮಾರ್ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ಬಾಗಿಲ ಮರೆಯಲ್ಲಿದ್ದ ಅಭಿರಾಮಿ ಆ ನೋಟ ಕಂಡು ಹಿಂದೆ ಸರಿದಳು.

ಸಂಬಂಧ ಅಲ್ಲಿಗೇ ಮುರಿಯಿತು. ಸೇಕರ್ ದಿಂಡುಕ್ಕಲ್‌ಗೆ ಹೋಗಿ ವಿಚಾರಿಸಿ ಬಂದ, ಮಾತು ನಿಜ. ಆದರೂ, "ನನ್ನ ಮೂಲೆಗೆ ಕರ್ದು ಹೇಳ್ಬಾರ್ದಿತ್ತಾ ಅಕ್ಕಾ? ನಾಕು ಜನದ ಮುಂದೆ ಮಾನ ಕಳ್ದೆ," ಎಂದ. ಅದಾದ ಮೇಲೆ ಹೆಚ್ಚು ಮಾತಾಡಲಿಲ್ಲ.

ಆರು ತಿಂಗಳಿಗೆ ಅಭಿರಾಮಿಗೆ ಒಡ್ಡನ್‌ಛತ್ರದ ತರಕಾರಿ ವ್ಯಾಪಾರಿಯೊಬ್ಬನ ಜೊತೆ ಮದುವೆಯಾಯಿತು. ಹೊರಡುವಾಗ ಅವಳು ಅತ್ತೆಯ ಕೈ ಹಿಡಿದು ತುಂಬಾ ಹೊತ್ತು ಬಿಡಲಿಲ್ಲ. ಕಾರು ಹೋದ ಮೇಲೆ ಮನೆ ಬಣಗುಟ್ಟಿತು. ತಮ್ಮ ಮತ್ತು ಅವನ ಹೆಂಡತಿ ಈಗ ಜಗಳಕ್ಕೂ ಕದ ಹಾಕಿಕೊಳ್ಳುತ್ತಿದ್ದರು.

ಬೀದಿ ನಲ್ಲಿಯ ಹತ್ತಿರವೂ ಹಾಗೇ. ಅವಳು ಬರುವುದು ಕಂಡರೆ ಹೆಂಗಸರು ಸೆರಗು ಸರಿಮಾಡಿಕೊಂಡು ಬಿಸಿಲಿನ ಮಾತೆತ್ತುತ್ತಿದ್ದರು. ಒಂದು ದಿನ ಕೊಡ ತುಂಬುವವರೆಗೂ ಅದೇ ಬಿಸಿಲಿನ ಮಾತು. ತಿರುವು ದಾಟಿದ ಮೇಲೆ ಹಿಂದೆ ನಗು ಶುರುವಾಯಿತು. ಯಾರ ಮನೆಯದೋ ಏನೋ ಸುದ್ದಿ. ಓಚ್ಚಮ್ಮಾಳ್ ಸೊಂಟದ ಕೊಡ ಇಳಿಸಿ, ಗೋಡೆಗೆ ಒರಗಿ, ಸ್ವಲ್ಪ ಹೊತ್ತು ನಿಂತು ಕೇಳಿದಳು.