ವಾಪಸ್ ಬಂದ ನಲವತ್ತೊಂದು ಗಾಲಿಕುರ್ಚಿ

ನಡೆಯಲಾಗದವರಿಗೆ ಗಾಲಿಕುರ್ಚಿಯನ್ನು ಉಚಿತವಾಗಿ ಎರವಲು ಕೊಡುವ ಆ ಪುಟ್ಟ ಸಂಸ್ಥೆಯಲ್ಲಿ ಅಂದು ಎಲ್ಲರ ಮುಖವೂ ಊರಗಲವಾಗಿತ್ತು. ಕಂಪ್ಯೂಟರ್ ಬಂದ ಮೇಲಿನ ಮೊದಲ ವರದಿ ಕೈಸೇರಿತ್ತು: ಕುರ್ಚಿ ಒಯ್ದ ಐವತ್ತು ಜನರಲ್ಲಿ ನಲವತ್ತೊಂದು ಮಂದಿ ಎಂಟೇ ದಿನದಲ್ಲಿ ಗುಣಮುಖ. ಕಾರ್ಯದರ್ಶಿಯ ಕಾಲು ನೆಲದ ಮೇಲಿರಲಿಲ್ಲ.

"ಎಲ್ಲರೂ ವಾಸಿಯಾಗ್ತಿದ್ರೆ ಇನ್ನು ಈ ಕುರ್ಚಿ ವಿಭಾಗ ಯಾಕೆ ಬೇಕು? ನಾಳೆ ಸಭೇಲಿ ಹೇಳಿ ಮುಚ್ಚಿಬಿಡೋಣ."

ಹದಿನಾರು ವರ್ಷದಿಂದ ಉಗ್ರಾಣ ನೋಡಿಕೊಳ್ಳುತ್ತಿದ್ದ ಅಕ್ಕನಿಗೆ ನಂಬಿಕೆ ಬರಲಿಲ್ಲ. ಎಂಟು ದಿನಕ್ಕೆ ವಾಸಿಯಾಗಲು ಅದೇನು ನೆಗಡಿಯೇ? ಕಂಪ್ಯೂಟರಿನಲ್ಲಿ ಇಣುಕಿದರೆ, ಕಾರ್ಯದರ್ಶಿ ಎಂಬ ಪುಣ್ಯಾತ್ಮ ವಾಪಸ್ ಬಂದ ಕುರ್ಚಿಗಳನ್ನೆಲ್ಲ ಗುಣವಾದವರ ಸಾಲಿಗೆ ಸೇರಿಸಿಬಿಟ್ಟಿದ್ದರು.

ಅಕ್ಕ ತನ್ನ ಹಳೇ ರಿಜಿಸ್ಟರು ತಂದು ಮೇಜಿನ ಮೇಲೆ ಹರಡಿದಳು. ಕುರ್ಚಿ ಹಿಂದಿರುಗಿಸುವವರು ಗೊಣಗಿದ್ದನ್ನೆಲ್ಲ ಅವಳು ಷರಾ ಕಾಲಮ್ಮಿನಲ್ಲಿ ಬರೆದಿಡುತ್ತಿದ್ದಳು. ಬರೀ ಹರಟೆ ಎಂದು ಕಾರ್ಯದರ್ಶಿ ಆ ಕಾಲಮ್ಮನ್ನು ಕಂಪ್ಯೂಟರಿಗೆ ಹತ್ತಿಸಿರಲೇ ಇಲ್ಲ.

"ಓದಿ ಸರ್, ನಿಮ್ಮ ಬಾಯಿಂದಲೇ ಬರಲಿ."

"ಬಚ್ಚಲ ಬಾಗಿಲಲ್ಲಿ ತೂರಲಿಲ್ಲ," ಎಂದು ಓದಿದರು. ಪುಟ ತಿರುವಿದರು. ಮತ್ತೆ ಅದೇ. ಇಪ್ಪತ್ತೊಂಬತ್ತು ಸಲ ಅದೇ. ಕಾರ್ಯದರ್ಶಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಲವತ್ತೊಂದು ಜನರನ್ನ ಕೂತಲ್ಲೇ ವಾಸಿ ಮಾಡಿದೀನಲ್ಲ ಅಕ್ಕಾ, ನಾನು ಯಾವ ಡಾಕ್ಟ್ರಿಗೆ ಕಮ್ಮಿ?"

ಮರುದಿನದ ಸಭೆಯಲ್ಲಿ ಮುಚ್ಚುವ ಮಾತೇ ಬರಲಿಲ್ಲ. ಷರಾ ಕಾಲಂ ಕಂಪ್ಯೂಟರಿಗೆ ಹತ್ತಿತು. ಕುರ್ಚಿ ಕೇಳಲು ಬಂದವರಿಗೆ ಅರ್ಜಿಯ ಜೊತೆ ಅಳತೆಪಟ್ಟಿ ಕೊಟ್ಟು, ಬಾಗಿಲು ಅಳೆದು ಬನ್ನಿ ಎನ್ನುವುದು ಶುರುವಾಯಿತು. ಪಕ್ಕದ ಬೀದಿಯ ವೆಲ್ಡರ್ ಮಾಮ ಅಡ್ಡಕಂಬಿ ಕತ್ತರಿಸಿ, ಮೂರು ಇಂಚು ಕಿರಿದಾದ ಕುರ್ಚಿ ಮಾಡಿಕೊಟ್ಟ.

ಮೊದಲನೆಯದು ನಿವೃತ್ತ ಮೇಷ್ಟ್ರ ಮನೆಗೆ ಹೋಯಿತು. ಎರಡು ವರ್ಷದಿಂದ ಅವರನ್ನು ಹೆಂಡತಿಯೇ ಎತ್ತಿ ಸ್ನಾನಕ್ಕೆ ಕೂರಿಸುತ್ತಿದ್ದರು. ಅಕ್ಕ ಬಚ್ಚಲ ಬಾಗಿಲ ಪಕ್ಕ ನಿಂತು ನೋಡಿದಳು. ಗಾಲಿ ಹೊಸ್ತಿಲು ದಾಟಿತು, ಚೌಕಟ್ಟಿಗೆ ಒಂದಿಷ್ಟೂ ತಾಗಲಿಲ್ಲ. ಮೇಷ್ಟ್ರು ಯಾರತ್ತಲೂ ತಿರುಗದೆ ಬಾಗಿಲು ಎಳೆದುಕೊಂಡು ಒಳಗಿನಿಂದ ಚಿಲಕ ಹಾಕಿದರು.

ಹೆಂಡತಿಗೆ ಗಾಬರಿ. "ರೀ, ನಾನು ಬರ್ಲಾ?"

"ಯಾರೂ ಬರಬೇಡಿ," ಎಂದಿತು ಒಳಗಿನ ಧ್ವನಿ. ನಲ್ಲಿ ತಿರುಗಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಗಟ್ಟಿಯಾಗಿ ಹಾಡತೊಡಗಿದರು. ಶ್ರುತಿ ಇರಲಿಲ್ಲ, ತಾಳವೂ ಇರಲಿಲ್ಲ. ಹೊರಗೆ ಇಬ್ಬರು ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು.