ಬಾಗಿಲಿಗೆ ಕಟ್ಟಿದ ಸೊಪ್ಪು

ಯಾಲೆಮ್‌ಗೆ ಜಿಲ್ಲಾ ಕಚೇರಿಯ ಆ ಬೆಂಚು ಸಾಕುಸಾಕಾಗಿತ್ತು. ಸಿಯಾಂಗ್ ನದಿಯ ತೂಗುಸೇತುವೆ ದಾಟಿ, ಜೀಪಿನಲ್ಲಿ ಮೈಮೂಳೆ ಕುಲುಕಿಸಿಕೊಂಡು ಬಂದರೆ ಸಾಹೇಬರು ಮೀಟಿಂಗಿನಲ್ಲಿ. ಇನ್ನೊಮ್ಮೆ ಬಂದರೆ ಊಟಕ್ಕೆ. ಅದೆಂಥ ಮುಗಿಯದ ಊಟವೋ, ಮಾರಾಯರೇ! ರಸ್ತೆ ಪಕ್ಕದ ಆ ಜಾಗದಲ್ಲಿ ಅವಳ ಮನೆಯಿತ್ತು, ಕಿತ್ತಳೆ ಗಿಡಗಳಿದ್ದವು, ಗಂಡನ ಗೋರಿಯಿತ್ತು. ಜಾಗ ಅವಳ ಸ್ವಾಧೀನದಲ್ಲಿದೆಯೆಂದು ಸರ್ಕಾರವೇ ಕೊಟ್ಟ ಪತ್ರವನ್ನು, ಜಾಗ ತನ್ನದೆಂದು ಮೈದುನ ಒಕೆನ್ ತಕರಾರು ತೆಗೆದದ್ದಕ್ಕೆ ರದ್ದು ಮಾಡಿಬಿಟ್ಟಿದ್ದರು. ಅವಳನ್ನೊಂದು ಮಾತು ಕೇಳಿರಲಿಲ್ಲ.

ಅಂತೂ ಸಾಹೇಬರು ಸಿಕ್ಕರು.

"ವಿಚಾರಣೆಗೆ ಬನ್ನಿ ಅಂತ ನೋಟಿಸ್ ಕಳಿಸಿದ್ವಲ್ಲಮ್ಮಾ. ನೀವೇ ತಗೊಳ್ಳಲಿಲ್ಲ ಅಂತ ಜವಾನ ಬರೆದಿದಾನೆ."

ಜವಾನ ತಾಗಿಂಗ್ ಅವಳ ಊರ ಕಡೆಯವನೇ. ತಲೆ ತಗ್ಗಿಸಿ ನಿಂತ. "ಹೋಗಿದ್ದೆ ಸಾರ್. ಇವರ ಮೊಮ್ಮಗಳಿಗೆ ಕಾಯಿಲೆ ಅಂತ ಕೋಳಿ ಬಲಿ ಕೊಟ್ಟು ಶಾಂತಿ ಮಾಡಿಸಿದ್ರು. ಬಾಗಿಲಿಗೆ ಸೊಪ್ಪು ಕಟ್ಟಿತ್ತು. ಅದನ್ನ ಬಿಚ್ಚೋವರೆಗೆ ನಾವು ಒಳಗೆ ಹೋಗೋ ಹಾಗಿಲ್ಲ, ಅವರು ಹೊರಗೆ ಬರೋ ಹಾಗಿಲ್ಲ."

"ಸೊಪ್ಪು ಕಚ್ಚುತ್ತೇನಯ್ಯಾ?"

ಯಾಲೆಮ್‌ಗೆ ಮೈಯೆಲ್ಲ ಉರಿಯಿತು. "ದಾಟಿ ಬಂದಿದ್ರೆ ನಾನೇ ಇವನ ಕಾಲು ಮುರೀತಿದ್ದೆ. ಸುಳ್ಳು ಬರೆದಿದ್ದು ಮಾತ್ರ ತಪ್ಪು, ಕತ್ತೆ! ಸಾರ್, ನಮ್ಮೂರ ಪಂಚಾಯ್ತಿಲಿ ದನ ಕದ್ದವನನ್ನೂ ಕೂರಿಸಿ, ಅವನ ಮಾತು ಮುಗಿಯೋವರೆಗೂ ಕೇಳ್ತಾರೆ. ನಾನೇನು ಅವನಿಗಿಂತ ಕಡೆಯಾ?"

ಸಾಹೇಬರು ಕೆಟ್ಟವರೇನಲ್ಲ, ಅವಸರದವರು, ಅಷ್ಟೇ. ರದ್ದತಿಯನ್ನು ತಡೆಹಿಡಿದು, ಇಬ್ಬರನ್ನೂ ಕರೆಸಿ ಹೊಸದಾಗಿ ಕೇಳುತ್ತೇನೆಂದು ದಿನ ಗೊತ್ತುಮಾಡಿದರು.

ಆ ದಿನ ಯಾಲೆಮ್ ಬಂದಳು. ಒಕೆನ್ ಬರಲಿಲ್ಲ.

"ಅವರ ಬಾಗಿಲಿಗೂ ಸೊಪ್ಪು ಕಟ್ಟಿದೆ ಸಾರ್. ನೋಟಿಸ್ ಕೊಡೋಕಾಗ್ಲಿಲ್ಲ," ಎಂದ ತಾಗಿಂಗ್. ಈ ಸಲ ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡು ಬಂದಿದ್ದ.

"ಬರೀ ನಾಟಕ!" ಸಾಹೇಬರು ಪೆನ್ನು ತೆಗೆದರು. "ಅವನು ಬರಲಿಲ್ಲ ಅಂತ ಹಾಕಿ, ಜಾಗ ನಿಮ್ಮದೇ ಅಂತ ಈಗಲೇ ಬರೆದುಬಿಡ್ತೀನಿ. ಮನೆಗೆ ಹೋಗಿ ಅಮ್ಮಾ."

ಯಾಲೆಮ್‌ಳ ಜೀವ ಹೂಂ ಎನ್ನಲು ಹಾತೊರೆಯಿತು. ಒಕೆನ್ ಕಳ್ಳನೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಆದರೆ ಅವನ ಮನೆಯಲ್ಲೂ ಚಿಕ್ಕ ಮಕ್ಕಳಿದ್ದವು. ಸೊಪ್ಪು ನಿಜವಾಗಿದ್ದರೆ? ಥೂ, ತನ್ನ ಹಣೆಬರಹವೇ ಎಂದು ತನ್ನನ್ನೇ ಬೈದುಕೊಂಡಳು.

"ಬರೀಬೇಡಿ ಸಾರ್. ಸೊಪ್ಪು ಬಿಚ್ಚಲಿ. ಆ ಕಳ್ಳನ ಮಾತೂ ಕೇಳಿ."

"ನೀವು ಮತ್ತೆ ಇಲ್ಲಿಗೆ ಬರಬೇಕಾಗುತ್ತೆ."

"ಗೊತ್ತು," ಎಂದಳು ಯಾಲೆಮ್. ಮೊಣಕಾಲು ನೋಯುತ್ತಿದ್ದರಿಂದ, ಹೊರಡುವ ಮುಂಚೆ ಅದೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು.